ಸೀಟಿ ಇಲ್ಲದ ಕವಾಯತು

ನಾರಾಯಣಪೇಟೆ ರೋಡ್

ತುಮಕೂರಿನ ಮನೆಗೆ ಬೀಗ ಹಾಕುವಾಗ "ಹೋಗಿ ಬರ್ತೀನಿ" ಎನ್ನಲು ಒಳಗೆ ಯಾರೂ ಇರಲಿಲ್ಲ. ಹೊರಡುವವರು ಬರೀ "ಹೋಗ್ತೀನಿ" ಎನ್ನಬಾರದು, ಅಪಶಕುನ. ಹೋಗುವ ಮಾತಿನ ಜೊತೆಗೇ ಬರುವ ಮಾತನ್ನೂ ಆಡಿಬಿಡಬೇಕು. ಕೇಳಿಸಿಕೊಳ್ಳುವವರೇ ಇಲ್ಲದಿದ್ದರೆ ಯಾರಿಗೆ ಹೇಳಬೇಕೆಂದು ಈ ಪದ್ಧತಿ ಮಾಡಿದ ಹಿರಿಯರು ಯೋಚಿಸಿದಂತಿಲ್ಲ. ನಾನು ಬೀಗಕ್ಕೇ ಹೇಳಿ ಹೊರಟೆ.

ನಾನು ಪ್ರಾಥಮಿಕ ಶಾಲೆಯ ಡ್ರಿಲ್ ಟೀಚರು. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮರ ಆಳ್ವಿಕೆ ಹೋಗಿ ವರ್ಷ ಕಳೆದಿತ್ತು. ಹೈದರಾಬಾದ್ ಸಂಸ್ಥಾನದ ಗಡಿ ಊರುಗಳಲ್ಲಿ ಮಕ್ಕಳು ಗಲಾಟೆಯ ಕಾಲದಿಂದ ಮನೆಯೊಳಗೇ ಕೂತು ಸೊರಗಿದ್ದಾರೆ, ಅಲ್ಲಿನ ಶಾಲೆಗಳಲ್ಲಿ ಬೆಳಗಿನ ವ್ಯಾಯಾಮ ಶುರುಮಾಡಿಸಿ ಬರುವವರು ಯಾರು ಎಂದು ಸೇವಾ ಸಂಘವೊಂದು ಕೇಳಿತು. ಸಂಸಾರವಿದ್ದವರೆಲ್ಲ ತಲೆ ತಗ್ಗಿಸಿದರು. ನನ್ನ ತಲೆ ಇದ್ದಲ್ಲೇ ಇತ್ತು. ಅದನ್ನೇ ಒಪ್ಪಿಗೆ ಎಂದುಕೊಂಡರು.

ರಾಜ್ಯ ದಾಟಿದರೆ ಪರದೇಶವೇ ಎಂದು ನಮ್ಮೂರಲ್ಲಿ ಹೆದರಿಸಿದ್ದು ಪೂರ್ತಿ ಸುಳ್ಳಲ್ಲ. ರಾಯಚೂರಿನಲ್ಲಿ ಚಹಾ ಕೇಳಿ ನಮ್ಮ ನಾಣ್ಯ ಕೊಟ್ಟರೆ, ಚಹಾದವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಾಲಿ ಸಿಕ್ಕಾ ಇಲ್ಲೇನ್ರಿ?" ಎಂದ. ನಿಜಾಮರ ನಾಣ್ಯ ನನ್ನಲ್ಲೆಲ್ಲಿ ಬರಬೇಕು! ಚಹಾ ಅವನ ಕೈಯಲ್ಲೇ ಉಳಿಯಿತು, ರೈಲು ಹೊರಟಿತು. ಬೋಗಿಯಲ್ಲಿ ಎಲ್ಲರೂ ತೆಲುಗಿನಲ್ಲಿ ಮಾತಾಡುತ್ತಿದ್ದರು. ನನ್ನ ಕಡೆ ತಿರುಗಿದಾಗ ಮಾತ್ರ ಕನ್ನಡ, ಮತ್ತೆ ಆ ಕಡೆ ತಿರುಗಿದರೆ ತೆಲುಗು. ನನಗಾಗಿ ಒಂದು ಬಾಗಿಲು ತೆರೆದು, ಕೂಡಲೇ ಮುಚ್ಚಿದಂತಾಗುತ್ತಿತ್ತು.

ಕೃಷ್ಣೆಯ ಸೇತುವೆ ದಾಟಿ ನಾರಾಯಣಪೇಟೆ ರೋಡ್ ಎಂಬ ಸ್ಟೇಷನ್ನಿನಲ್ಲಿ ಇಳಿದೆ. ಹೆಸರಿನಲ್ಲಿ ಊರಿದ್ದರೂ ಊರು ಅಲ್ಲಿಲ್ಲ. ಎತ್ತಿನ ಗಾಡಿಯಲ್ಲಿ ಇನ್ನೂ ಬಹಳ ದೂರ ಹೋಗಬೇಕು. ಅದಕ್ಕೂ ಮೊದಲು ಪಹರೆಯ ಸಿಪಾಯಿ ನನ್ನ ಟ್ರಂಕು ತೆಗೆಸಿದ. ಮೇಲೆ ಸೀರೆ, ಕೆಳಗೆ ಮರದ ಡಂಬೆಲ್ಲುಗಳು. ಸಿಪಾಯಿ ಎರಡು ಹೆಜ್ಜೆ ಹಿಂದೆ ಸರಿದ. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಬಾಂಬು ಸದ್ದು ಮಾಡುತ್ತದೆಯೇ ಇಲ್ಲವೇ ಎಂದು ಅವನಿಗೂ ಗೊತ್ತಿದ್ದಂತಿರಲಿಲ್ಲ. ಕೊನೆಗೆ ನಾನು ಪ್ಲಾಟ್‌ಫಾರಂ ಮೇಲೇ ನಿಂತು, ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಡಂಬೆಲ್ಲು ಹಿಡಿದು ಮೇಲೆ, ಪಕ್ಕಕ್ಕೆ, ಕೆಳಗೆ ಮಾಡಿ ತೋರಿಸಿದೆ. ಜನ ನೆರೆದರು. ಮುದುಕನೊಬ್ಬ, "ಪಾಪ, ತಲಿ ಕೆಟ್ಟೈತಿ, ಬಿಡ್ರಿ ಸಾಬ್" ಎಂದ. ಸಿಪಾಯಿ ಬಿಟ್ಟ. ಪರದೇಶದಲ್ಲಿ ನನಗೆ ಸಿಕ್ಕ ಮೊದಲ ಶಿಫಾರಸು ಅದು.

ಗಾಡಿಯಲ್ಲಿ ಕೂತು ಕೊರಳಲ್ಲಿದ್ದ ಸೀಟಿ ಮುಟ್ಟಿ ನೋಡಿಕೊಂಡೆ. ಅದು ನನ್ನ ಹೆಮ್ಮೆ. ಒಮ್ಮೆ ಊದಿದರೆ ತುಮಕೂರಿನ ಇಡೀ ಶಾಲೆ ಗೆರೆ ಎಳೆದ ಹಾಗೆ ನಿಲ್ಲುತ್ತಿತ್ತು. ಇಲ್ಲೂ ನಿಂತೇ ನಿಲ್ಲುತ್ತದೆ ಎಂದುಕೊಂಡೆ.

ನಾರಾಯಣಪೇಟೆ

ಇಳಿದುಕೊಳ್ಳಲು ಶಾಲೆಯ ಹೆಡ್ಮಾಸ್ತರರು ನೇಕಾರರ ಓಣಿಯಲ್ಲಿ ಈರಮ್ಮ ಎಂಬುವರ ಮನೆಯ ಪಡಸಾಲೆ ಗೊತ್ತುಮಾಡಿದ್ದರು. ಈರಮ್ಮನಿಗೆ ಮೂವತ್ತು ಇರಬಹುದು. ಹಣೆಯಲ್ಲಿ ಅಗಲ ಕುಂಕುಮ, ಕೈ ತುಂಬ ಬಳೆ. ಮನೆಯಲ್ಲಿ ಗಂಡಸಿನ ಸುಳಿವಿಲ್ಲ. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ ಖಾಲಿ. ಮಗಳು ಗಂಗಿ, ಎಂಟರ ಹುಡುಗಿ, ಕೈಕಾಲು ಜೋಳದ ದಂಟಿನಂತೆ. ನನ್ನ ತಂಬಿಗೆಗೆ ನೀರು ತರಲು ಹಿತ್ತಲ ಬಾವಿಗೆ ಹೋಗಿ ಬಂದಳು, ಅಷ್ಟಕ್ಕೇ ಹೊಸ್ತಿಲ ಮೇಲೆ ಕೂತು ಏದುಸಿರು ಬಿಟ್ಟಳು. ಕಾಯಿಲೆಯೇ ಎಂದು ಕೇಳಿದೆ.

"ಕಾಯಿಲಿ ಏನಿಲ್ರಿ. ವರ್ಷಾತು, ಹೊರಗ ಬಿಟ್ಟಿಲ್ಲ," ಎಂದರು ಈರಮ್ಮ.

ನನ್ನ ಕೆಲಸ ಈ ಮನೆಯಿಂದಲೇ ಶುರು ಎಂದುಕೊಂಡೆ. ರಾತ್ರಿ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಪುಂಡಿಯ ಹುಳಿಗೆ ನನ್ನ ಕಣ್ಣಲ್ಲಿ ನೀರು ಬಂತು. ಒಂದು ತುತ್ತು ಅನ್ನ ಸಿಕ್ಕೀತೇ ಎಂದು ಆಸೆಯಿಂದ ನೋಡಿದೆ, ಮತ್ತೊಂದು ರೊಟ್ಟಿ ಬಿತ್ತು. ತಾಯಿ ಮಗಳು ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ನೋಡುತ್ತಾ ನನ್ನ ತಟ್ಟೆಯಲ್ಲಿ ನಾನು ಉಂಡೆ.

ಬೆಳಿಗ್ಗೆ ಶಾಲೆಯ ಬಯಲಿಗೆ ಹೋದೆ. ಮಕ್ಕಳು ಬೇವಿನ ಮರದ ಸುತ್ತ ಚೆಲ್ಲಾಪಿಲ್ಲಿಯಾಗಿ ಆಡಿಕೊಂಡಿದ್ದರು. ಮೊದಲು ಪದ್ಧತಿಯಂತೆ ಅಳತೆ. ಟೇಪು ತೆಗೆದು ಒಬ್ಬೊಬ್ಬರ ಎದೆ ಸುತ್ತಿ, ಉಸಿರು ಎಳೆದುಕೋ ಎಂದು ಹೇಳಿ, ಅಳತೆಯನ್ನು ಗಟ್ಟಿಯಾಗಿ ಕೂಗತೊಡಗಿದೆ. ಗೋಡೆಯಾಚೆ ನೀರಿಗೆ ಹೋಗುತ್ತಿದ್ದ ಹೆಂಗಸರು ನಿಂತರು. ನನಗೆ ಹುರುಪು ಬಂತು. ನೋಡಲಿ ಎಂದು ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದೆ.

"ಸಾಲಾಗಿ ನಿಂತ್ಕೊಳ್ಳಿ! ಗೋಡೆಗೆ ಬೆನ್ನು ಮಾಡಿ!"

ಮಕ್ಕಳು ನಿಂತರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಂಥ ನೆಟ್ಟಗಿನ ಸಾಲು ನೋಡಿಲ್ಲ. ಒಬ್ಬರೂ ಕಿಸಕ್ಕೆನ್ನಲಿಲ್ಲ, ಒಬ್ಬರೂ ಪಕ್ಕದವನನ್ನು ಚಿವುಟಲಿಲ್ಲ. ಒಬ್ಬ ಹುಡುಗನ ಕಾಲ ಬಳಿ ಮಣ್ಣು ಒದ್ದೆಯಾಗಿದ್ದನ್ನು ಕಂಡಾಗ ಏನೋ ತಪ್ಪಿದೆ ಎನಿಸಿತು. ಅಷ್ಟರಲ್ಲಿ ಕೊಡ ಬಿದ್ದ ಸದ್ದು, ಹೆಂಗಸರ ಕೂಗು. ಗೋಡೆ ಸಂದಿಯಿಂದ, ಬಾಗಿಲಿಂದ, ಎಲ್ಲೆಲ್ಲಿಂದಲೋ ನುಗ್ಗಿ ಬಂದು ತಮ್ಮ ತಮ್ಮ ಮಕ್ಕಳ ರಟ್ಟೆ ಹಿಡಿದೆಳೆದರು.

ಒಬ್ಬಳು ನನ್ನ ಮುಖದ ಮುಂದೆ ಕೈ ಚಾಚಿ, "ಎದಿ ಅಳದು ಯಾವ ಫೌಜಿಗೆ ಕಳಸ್ತೀಯವ್ವ? ಹಾಲಿನ ಹಲ್ಲು ಬಿದ್ದಿಲ್ಲ ಇವಕ್ಕ!" ಎಂದಳು.

"ಫೌಜಿಗಲ್ಲಮ್ಮ, ವ್ಯಾಯಾಮ, ಮೈ ಗಟ್ಟಿಯಾಗಲಿ ಅಂತ..." ಎಂದೆ.

"ಮೈ ಗಟ್ಟಿ ಆದ್ಮ್ಯಾಲ ತಾನ ಒಯ್ಯೋದು!" ಎಂದು ಇನ್ನೊಬ್ಬಳು ಹೇಳಿ ಮಗನನ್ನು ಸೊಂಟಕ್ಕೆ ಹಾಕಿಕೊಂಡು ನಡೆದಳು. ನೋಡನೋಡುತ್ತಿದ್ದಂತೆ ಬಯಲು ಬರಿದಾಯಿತು. ಬೇವಿನ ಮರ, ನಾನು, ಟೇಪು ಉಳಿದೆವು. ಹೆಡ್ಮಾಸ್ತರರು ನಿಧಾನವಾಗಿ ಬಂದು, "ಹಾವು ಕಡಿದೋರಿಗಿ ಹಗ್ಗ ಕಂಡ್ರೂ ಹೆದರಿಕಿರಿ," ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಸಿಟ್ಟು ಬಂತು, ಅವಮಾನವಾಯಿತು. ಗಾಡಿ ಸಿಕ್ಕಿದ್ದರೆ ಅವತ್ತೇ ಹೊರಟುಬಿಡುತ್ತಿದ್ದೆ.

ಹಾಸಿನ ಓಣಿ

ಊರಲ್ಲಿ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. "ಪಂತುಲಮ್ಮ, ಪಂತುಲಮ್ಮ" ಎಂದು ನನ್ನ ಬೆನ್ನ ಹಿಂದೆ ಪಿಸುಗುಟ್ಟುವುದು ಕೇಳುತ್ತಿತ್ತು. ಹೆಣ್ಣು ಮೇಷ್ಟರಿಗೆ ಅವರ ತೆಲುಗು ಮಾತು ಅದು. ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು, ಹೊರಬಂದ ಮೇಲೆ ಶುರುವಾಗುತ್ತಿತ್ತು. ಊರು ತುಂಬ ಜನರಿದ್ದೂ ಹೀಗೆ ಒಂಟಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ತುಮಕೂರಿನ ಖಾಲಿ ಮನೆಯಲ್ಲಿ ಕಡೇಪಕ್ಷ ಯಾರೂ ನನ್ನನ್ನು ಕಂಡು ಹೆದರುತ್ತಿರಲಿಲ್ಲ.

ಈರಮ್ಮ ಮಾತ್ರ ಎಂದಿನಂತೆ ರೊಟ್ಟಿ ಬಡಿದು ಹಾಕುತ್ತಿದ್ದರು. ಎರಡನೆಯ ದಿನ ಅವರಿಗೇ ತಡೆಯಲಾಗಲಿಲ್ಲವೋ ಏನೋ, ಹಂಚಿನ ಮೇಲಿಂದ ಕಣ್ಣೆತ್ತದೆ ಹೇಳಿದರು.

"ಅದೇ ಬಯಲಾಗ್ರಿ. ಗಂಡಸರನ್ನೆಲ್ಲ ಕರದ್ರು. ಸೀಟಿ ಹೊಡದು ಸಾಲು ನಿಲ್ಲಿಸಿದ್ರು. ಹೆಸರು ಬರಕೊಂಡು ಕಳಸ್ತೀವಿ ಅಂದ್ರು. ಗಂಗಿ ಅಪ್ಪ ನೇಯೋದು ಬಿಟ್ಟು ಎದ್ದು ಹೋದ್ರು, ಬರೀ ಅಂಗಿ ಹಾಕ್ಕೊಂಡು. ಲಾರಿ ಹತ್ತಿಸಿದ್ರು. ಇನ್ನಾ ಬಂದಿಲ್ಲ."

ಯಾರು ಕರೆದದ್ದು ಎಂದು ಕೇಳಿದೆ.

"ಯಾರಂತ ಕೇಳಬ್ಯಾಡ್ರಿ. ಮೊದಲ ಅವರು ನಿಲ್ಲಿಸಿದ್ರು, ಆಮ್ಯಾಲ ಇವರು ನಿಲ್ಲಿಸಿದ್ರು. ಸಾಲಂತೂ ಒಂದ." ಮೊದಲು ನಿಜಾಮರ ಕಡೆಯವರು, ಆಮೇಲೆ ಬಂದ ಫೌಜಿನವರು ಎಂದು ನಾನೇ ಅರ್ಥಮಾಡಿಕೊಂಡೆ.

ಅವರ ಕುಂಕುಮ ಆಗ ನನಗೆ ಅರ್ಥವಾಯಿತು. ಓಣಿಯ ಮುದುಕಿಯರು ಬಳೆ ತೆಗೆಯಲು ಹೇಳಿದ್ದರಂತೆ. ಸುದ್ದಿ ಬಾರದೆ ತೆಗೆಯುವುದಿಲ್ಲ ಎಂದಿದ್ದರಂತೆ. ನಾನು ಬಳೆ ತೆಗೆದವಳು. ಅವರಿಗೆ, ರೊಟ್ಟಿ ಚೆನ್ನಾಗಿದೆ ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ರಾತ್ರಿ ಕೊರಳಿನ ಸೀಟಿ ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಯ ಉದ್ದಕ್ಕೂ ಹಾಸು ಕಟ್ಟಿದ್ದರು. ಮಗ್ಗಕ್ಕೇರುವ ಮೊದಲು ಸೀರೆಯ ಉದ್ದದೆಳೆಗಳನ್ನೆಲ್ಲ ಹೀಗೆ ಬೀದಿಯಲ್ಲಿ ಬಿಗಿದು ಗಂಜಿ ಹಚ್ಚುತ್ತಾರೆ. ಎರಡು ಬದಿಗೂ ಜನ. ಎದುರೆದುರು ನಿಂತವರು ಅಗಲವಾದ ಕುಂಚವನ್ನು ಇಬ್ಬರೂ ಹಿಡಿದು ಎಳೆಗಳ ಮೇಲೆ ತೀಡುತ್ತಾ ಆ ತುದಿಯವರೆಗೆ ನಡೆಯುವುದು, ಮುಟ್ಟಿ ತಿರುಗಿ ಈ ತುದಿಗೆ ಬರುವುದು. ಬಾಗುವುದು, ಏಳುವುದು, ಕೈ ಚಾಚುವುದು. ಎಳೆ ಕಡಿದರೆ ಯಾರಾದರೂ "ಎಳಿ ಹೋತು!" ಎನ್ನುತ್ತಾರೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಗಂಟು ಬಿದ್ದ ಮೇಲೆ ಮತ್ತೆ ನಡಿಗೆ. ಮುದುಕರು, ಹೆಂಗಸರು, ನಡುವೆ ಮಕ್ಕಳು. ನನ್ನನ್ನು ಕಂಡರೆ ಓಡಿಹೋಗುತ್ತಿದ್ದ ಅದೇ ಮಕ್ಕಳು ಅಲ್ಲಿ ಸಾಲಾಗಿಯೇ ನಿಂತಿದ್ದರು. ಒಬ್ಬರಿಗೂ ಹೆದರಿಕೆ ಇರಲಿಲ್ಲ.

ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ. ನನ್ನ ಸಾಲಿನಲ್ಲಿ ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ನನ್ನೊಬ್ಬಳನ್ನು ನೋಡಬೇಕಿತ್ತು. ಇಲ್ಲಿ ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ನಾನು ಇಷ್ಟು ವರ್ಷ ಪುಸ್ತಕ ನೋಡಿ ಕಲಿಸಿದ ಬಾಗುವಿಕೆ, ನಡಿಗೆ, ಓಟ ಎಲ್ಲವೂ ಈ ಓಣಿಯಲ್ಲಿತ್ತು.

"ಈರಮ್ಮಾ, ನಿಮ್ಮ ಬಾವಿ ಹಗ್ಗ ಕೊಡ್ತೀರಾ?" ಎಂದೆ.

ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. ಒಂಟಿ ಹೆಂಗಸು ಬಾವಿ ಹಗ್ಗ ಕೇಳಿದರೆ ಯಾರಿಗೆ ಗಾಬರಿಯಾಗದು! ಮಕ್ಕಳ ಆಟಕ್ಕೆ ಎಂದು ಬಿಡಿಸಿ ಹೇಳಿದ ಮೇಲೆ, "ಸಂಜೀಕ ವಾಪಸ್ ತರ್ರಿ, ನೀರು ಸೇದಾಕ ಬೇಕು," ಎಂದು ಕೊಟ್ಟರು.

ಹಗ್ಗದ ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತುದಿ ನನ್ನ ಕೈಯಲ್ಲಿ. ಸೀಟಿ ಇಲ್ಲ, ಟೇಪು ಇಲ್ಲ. ಮೊದಲ ದಿನ ಹೆಡ್ಮಾಸ್ತರರ ಇಬ್ಬರು ಮೊಮ್ಮಕ್ಕಳು ಮಾತ್ರ ಬಂದರು. ಹಗ್ಗದ ಎರಡು ಬದಿ ಎದುರೆದುರು ನಿಲ್ಲಿಸಿ, ಇದು ಹಾಸು, ಗಂಜಿ ಹಚ್ಚೋಣ ಎಂದೆ. ಖಾಲಿ ಕೈ ಚಾಚಿ ತೀಡಿದರು, ಬಾಗಿದರು, ಎದ್ದರು, ಮರದವರೆಗೆ ಓಡಿ ಮುಟ್ಟಿ ತಿರುಗಿ ಬಂದರು. ನಾನು "ಎಳಿ ಹೋತು!" ಎಂದಾಗ ಗಕ್ಕನೆ ನಿಂತರು. ನನ್ನ ತುಮಕೂರಿನ ಬಾಯಲ್ಲಿ ಆ ಮಾತು ಕೇಳಿ ಒಬ್ಬ ಬಿದ್ದು ಬಿದ್ದು ನಕ್ಕ. ಆ ನಗು ಗೋಡೆ ದಾಟಿತು. ಮರುದಿನ ಇನ್ನಷ್ಟು ಮಕ್ಕಳು, ಅದರ ಮರುದಿನ ಮತ್ತಷ್ಟು. ತಾಯಂದಿರು ಕೊಡ ಸೊಂಟದಲ್ಲಿಟ್ಟುಕೊಂಡು ಕಾವಲಿಗೆ ನಿಲ್ಲುತ್ತಿದ್ದರು, ಆದರೆ ಎಳೆದೊಯ್ಯಲಿಲ್ಲ.

ಗಂಗಿ ಬರಲಿಲ್ಲ. ದಿನಾ ಹಗ್ಗ ಕೊಡುವ ಈರಮ್ಮ ಮಗಳನ್ನು ಕೊಡಲಿಲ್ಲ. ಹೊಸ್ತಿಲ ಒಳಗೆ ನಿಂತು ಆ ಹುಡುಗಿ ಖಾಲಿ ಕೈಯಲ್ಲಿ ಗಾಳಿಗೆ ಗಂಜಿ ಹಚ್ಚುತ್ತಿದ್ದುದನ್ನು ಒಂದು ಸಂಜೆ ಕಂಡೆ. ಈ ಒಂದು ಮಗು ಹೊರಗೆ ಬಂದು ಓಡದಿದ್ದರೆ ನಾನು ಇಷ್ಟು ದೂರ ಬಂದದ್ದೇ ದಂಡ ಎನಿಸಿತು.

ಮಖ್ತಲ್

ಮುಂದಿನ ಶಾಲೆಗೆ ಹೊರಡುವ ದಿನ ಈರಮ್ಮನೂ ಗಂಟು ಕಟ್ಟಿದರು. ಗದ್ವಾಲದಲ್ಲಿ ಅವರ ಅಣ್ಣ ನೇಯುತ್ತಿದ್ದ. ಗಂಡಸಿಲ್ಲದ ಮನೆಯಲ್ಲಿ ಇನ್ನೆಷ್ಟು ದಿನ, ಬಂದುಬಿಡು ಎಂದು ಹೇಳಿ ಕಳಿಸಿದ್ದ. ನನ್ನ ದಾರಿಯೂ ಮಖ್ತಲ್ ಮೇಲೆ ಹೊಳೆ ದಾಟಿ ಗದ್ವಾಲಕ್ಕೇ. ಒಂದೇ ಗಾಡಿಯಲ್ಲಿ ಮೂವರೂ ಕೂತೆವು. ಪಾತ್ರೆ, ಕಂಬಳಿ, ಬಾವಿ ಹಗ್ಗ. ಈರಮ್ಮ ಬಾಗಿಲಿಗೆ ಬೀಗ ಹಾಕಲಿಲ್ಲ, ಬರೀ ಚಿಲಕ ಹಾಕಿದರು. "ಬಂದ್ರ ಒಳಗ ಹೋಗಾಕ ಬರಬೇಕಲ್ರಿ," ಎಂದರು. ಪಕ್ಕದ ಮನೆಯಾಕೆಗೆ ಗದ್ವಾಲದ ಗುರುತು ಮತ್ತೆ ಮತ್ತೆ ಹೇಳಿದರು. ನನ್ನ ಬೀಗ ನೆನಪಾಗಿ ನಾನು ಮುಖ ಆ ಕಡೆ ತಿರುಗಿಸಿದೆ.

ದಾರಿಯಲ್ಲಿ ಈರಮ್ಮ ನನ್ನ ಮಾತಿನ ಧಾಟಿ ನೋಡಿ ನಗುತ್ತಿದ್ದರು. "ನೀವು ಮಾತಾಡಿದ್ರ ಪುಸ್ತಕ ಓದಿದಂಗ ಐತ್ರಿ. ಜಗಳ ಬಂದ್ರ ಹೆಂಗ ಮಾಡ್ತೀರಿ?"

"ಜಗಳ ಆಡೋಕೆ ಮನೇಲಿ ಇನ್ನೊಬ್ಬರು ಇರಬೇಕಲ್ಲಮ್ಮ," ಎಂದೆ. ತಮಾಷೆಗೆ ಹೇಳಿದ್ದು. ಅವರು ನಗಲಿಲ್ಲ, ನನ್ನ ಮೊಣಕಾಲ ಮೇಲೆ ಕೈಯಿಟ್ಟು ಹಾಗೇ ಕೂತರು.

ಮಖ್ತಲ್ ಶಾಲೆಯ ಮುಖ್ಯಸ್ಥರು ವಯಸ್ಸಾದ ಒಬ್ಬ ಮೌಲವಿ. ಬಿಳಿ ಗಡ್ಡ, ತೇಪೆ ಹಾಕಿದ ಶೇರವಾನಿ. ಹೊಸ ಸರ್ಕಾರ ತಮ್ಮನ್ನು ಇಟ್ಟುಕೊಳ್ಳುತ್ತದೋ ಬಿಡುತ್ತದೋ ಗೊತ್ತಿಲ್ಲದೆಯೂ ಅವರು ದಿನಾ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಸುತ್ತಿದ್ದರು. ತರಗತಿಯಲ್ಲಿ ಅರ್ಧ ಮಣೆಗಳು ಖಾಲಿ. ನಾನು ಬಾಯಿ ತೆಗೆಯುವ ಮೊದಲೇ ಕೈ ಮುಗಿದು, "ಬಾಯೀಸಾಬ್, ಏನರ ಮಾಡ್ರಿ, ಸೀಟಿ ಒಂದು ಬ್ಯಾಡ್ರಿ," ಎಂದರು.

"ಸೀಟಿ ಟ್ರಂಕಿನ ತಳ ಸೇರಿದೆ ಸಾಹೇಬರೆ, ಹಗ್ಗ ತಂದಿದ್ದೀನಿ," ಎಂದೆ.

ಅವರ ಓಣಿಯಲ್ಲೂ ಸಾಲು ನಿಲ್ಲಿಸಿದ್ದರಂತೆ. ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ಮಕ್ಕಳನ್ನು ಎರಡು ಬದಿ ನಿಲ್ಲಿಸಿದೆವು. ಇಲ್ಲಿನ ಮಕ್ಕಳಿಗೆ ಹಾಸು ಅಷ್ಟು ಬಳಕೆಯಿಲ್ಲ. ಆದರೆ ಎದುರೆದುರು ನಿಲ್ಲುವುದು, ಓಡಿ ಮುಟ್ಟಿ ತಿರುಗಿ ಬರುವುದು ಯಾವ ಮಗುವಿಗೆ ಗೊತ್ತಿಲ್ಲ! ಮೊದಲ ಓಟಕ್ಕೇ ಎಲ್ಲರೂ ಪಕ್ಕೆ ಹಿಡಿದುಕೊಂಡು ಕೂತರು. ಎಂಟು ಹತ್ತರ ಮಕ್ಕಳು ಮುದುಕರ ಹಾಗೆ ಉಸಿರಾಡುವುದನ್ನು ನೋಡಲಾಗದೆ ಮೌಲವಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ದಿನ ಕಳೆದಂತೆ ಓಟ ಉದ್ದವಾಯಿತು, ಏದುಸಿರು ಕಡಿಮೆಯಾಯಿತು. ಕೆನ್ನೆಗೆ ಬಣ್ಣ ಬಂತು ಎಂದು ಬರೆದರೆ ಉತ್ಪ್ರೇಕ್ಷೆಯಾದೀತು. ಜಗಳ ಬಂತು. ಮಕ್ಕಳು ಜಗಳವಾಡುವಷ್ಟು ಗಟ್ಟಿಯಾದರೆ ಡ್ರಿಲ್ ಟೀಚರಿಗೆ ಅದೇ ಪದಕ.

ಒಬ್ಬರೇ ಹೊಳೆ ದಾಟಲು ಹೆದರಿ ನನಗಾಗಿ ಮಖ್ತಲ್‌ನಲ್ಲೇ ಉಳಿದ ಈರಮ್ಮ ಅಷ್ಟು ದಿನವೂ ಗೇಟಿನ ಹೊರಗೇ ಕೂತಿರುತ್ತಿದ್ದರು. ಶಾಲೆಯ ಬಯಲಿಗೆ ಕಾಲಿಡಲಿಲ್ಲ. ಗಂಗಿಯ ಮುಂಗೈ ಅವರ ಮುಷ್ಟಿಯೊಳಗೇ ಇರುತ್ತಿತ್ತು. ಒಂದು ದಿನ ನಾನು ಹತ್ತಿರ ಹೋಗಿ, ಒಂದೇ ಸಲ ಓಡಲಿ ಬಿಡಿ ಎಂದು ಬೇಡಿದೆ.

"ಹೋದೋರು ತಿರುಗಿ ಬರೋ ಆಟ ಇದ್ರ ಆಡಸ್ರಿ," ಎಂದರು.

"ಇದು ಅದೇ ಆಟ. ನೀವೇ ನೋಡ್ತಿದೀರಲ್ಲ, ಎಲ್ಲರೂ ತಿರುಗಿ ಬರ್ತಾರೆ."

"ನೋಡ್ತೀನ್ರಿ. ಕಣ್ಣು ನೋಡ್ತಾವು, ಕೈ ಬಿಡವಲ್ದು," ಎಂದರು. ಮುಷ್ಟಿ ಸಡಿಲಿಸಲು ನಿಜವಾಗಿಯೂ ಪ್ರಯತ್ನ ಮಾಡಿದರು. ನಾನು ಕಂಡೆ. ಆಗಲಿಲ್ಲ.

ಹೊಳೆ

ಮಖ್ತಲ್ ಬಿಟ್ಟು ಜೂರಾಲದ ಕಡೆ ಕೃಷ್ಣೆಯ ದಡಕ್ಕೆ ಬಂದೆವು. ಇಲ್ಲಿ ಸೇತುವೆ ಇಲ್ಲ. ಹರಿಗೋಲಿನಲ್ಲಿ ದಾಟಬೇಕು, ಇವರು ಅದಕ್ಕೆ ಪುಟ್ಟಿ ಎನ್ನುತ್ತಾರೆ. ಪುಟ್ಟಿ ಆ ದಡದಲ್ಲಿತ್ತು. ಅಂಬಿಗನನ್ನು ಕೂಗಿ ಕರೆದೆವು. ಅವನು ಕೈಯೆತ್ತಿ ಏನೋ ಹೇಳಿ ಮತ್ತೆ ಕೂತು ಬೀಡಿ ಹಚ್ಚಿದ. ಬಿಸಿಲು, ಅಗಲವಾದ ಮರಳು, ಆಚೆ ತೆಳ್ಳಗೆ ಹರಿಯುವ ನೀರು. ನಮ್ಮ ಕಡೆ ಕೆರೆ ಏರಿ ಮೇಲೆ ನಿಂತರೆ ಆಚೆ ದಡದವರ ಮುಖ ಗುರುತು ಸಿಗುತ್ತದೆ. ಈ ಹೊಳೆಯ ಮುಂದೆ ನಿಂತಾಗ ಆಚೆಯವರು ಬರೀ ಚುಕ್ಕೆಗಳು. ಎಷ್ಟು ದೂರ ಬಂದುಬಿಟ್ಟಿದ್ದೇನೆ ಎಂದು ಮೊದಲ ಸಲ ಅರಿವಾಯಿತು. ಇಲ್ಲಿ ನನಗೇನಾದರೂ ಆದರೆ ತುಮಕೂರಿನಲ್ಲಿ ಯಾರ ಮನೆಯ ಬಾಗಿಲು ತಟ್ಟುತ್ತಾರೆ?

ಈರಮ್ಮ ಗಂಟು ಇಳಿಸಲು ಎರಡೂ ಕೈ ಬಳಸಬೇಕಾಯಿತು. ಅಷ್ಟೇ ಸಾಕಾಯಿತು. ಗಂಗಿ ಮರಳಿನ ಮೇಲೆ ಓಡಿಬಿಟ್ಟಳು. ನೇರ ನೀರಿನ ಕಡೆಗೆ.

"ಗಂಗೀ!" ಎಂದು ಈರಮ್ಮ ಚೀರಿದರು. ಅವರ ಕಾಲು ಮಾತ್ರ ಏಳಲಿಲ್ಲ. ನಿಂತಲ್ಲೇ ಕೈ ಚಾಚಿಕೊಂಡು ಬಿಳಿಚಿಕೊಂಡರು. ನಾನು ಸೀರೆ ಎತ್ತಿ ಹುಡುಗಿಯ ಹಿಂದೆ ಓಡಿದೆ. ಡ್ರಿಲ್ ಟೀಚರು ಎಂಬ ಹೆಸರು ಬೇರೆ! ಮರಳಿನಲ್ಲಿ ಹೂತು ಮಕಾಡೆ ಬಿದ್ದೆ. ತಲೆಯೆತ್ತಿ ನೋಡಿದರೆ ಗಂಗಿ ನೀರಂಚಿನಲ್ಲಿ ಬಗ್ಗಿ, ಅಂಗೈಯಿಂದ ನೀರನ್ನು ಒಮ್ಮೆ ಮುಟ್ಟಿ, ತಿರುಗಿ ಓಡಿ ಬರುತ್ತಿದ್ದಳು. ಬಾಯಿ ತೆರೆದುಕೊಂಡು, ಪಕ್ಕೆ ಹಿಡಿದುಕೊಂಡು, ಎಡವುತ್ತಾ. ನನ್ನನ್ನು ದಾಟಿ ಹೋಗಿ ತಾಯಿಯ ಹೊಟ್ಟೆಗೆ ಡಿಕ್ಕಿ ಹೊಡೆದು ನಿಂತಳು.

"ಮುಟ್ಟಿ ಬಂದ್ನೆವ್ವ," ಎಂದಳು.

ಈರಮ್ಮ ಅವಳಿಗೆ ಒಂದು ಏಟು ಹಾಕಿದರು. ಆಮೇಲೆ ಎಳೆದು ತಬ್ಬಿಕೊಂಡರು. ಪುಟ್ಟಿ ಬಂದು, ಹೊಳೆಯ ನಡುವೆ ನಾವು ಗಿರಗಿರ ತಿರುಗುವಾಗಲೂ ತಬ್ಬಿಕೊಂಡೇ ಇದ್ದರು. ನನ್ನ ಬಾಯಲ್ಲಿ ಮರಳು ಕಿರುಗುಟ್ಟುತ್ತಿತ್ತು. ಆಚೆ ದಡದಲ್ಲಿ ಇಳಿಯುವಾಗ ನೋಡಿದೆ, ಗಂಗಿಯ ಮುಂಗೈ ತಾಯಿಯ ಮುಷ್ಟಿಯಲ್ಲಿರಲಿಲ್ಲ.

ಗದ್ವಾಲ

ಕೋಟೆಯ ಊರು, ಜರಿಯಂಚಿನ ಸೀರೆಯ ಊರು. ಸಂಜೆಯಾದರೆ ಕೋಟೆಯ ನೆರಳು ಅರ್ಧ ಪೇಟೆಯ ಮೇಲೆ ಬೀಳುತ್ತದೆ. ಇಲ್ಲಿ ನಮ್ಮ ದಾರಿ ಬೇರೆಯಾಯಿತು. ಈರಮ್ಮ ಅಣ್ಣನ ಮನೆಗೆ, ನಾನು ಶಾಲೆಯ ಪಕ್ಕದ ಒಂದು ಕೋಣೆಗೆ. ಅಣ್ಣನ ಮನೆಯ ಬಾವಿ ಹಗ್ಗ ಹಳೆಯದಾಗಿದ್ದರೂ ಈರಮ್ಮ ತಮ್ಮ ಹಗ್ಗವನ್ನು ನನ್ನ ಬಳಿಯೇ ಬಿಟ್ಟರು. ಹೊರಡುವ ದಿನ ಬಂದು ಒಯ್ಯುತ್ತೇನೆ ಎಂದರು. ಆ ಕೋಣೆಯಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ರೊಟ್ಟಿ ತಟ್ಟುವ ಸದ್ದಿಗೆ, ತಾಯಿ ಮಗಳ ಪಿಸುಮಾತಿಗೆ ಕಿವಿ ಎಷ್ಟು ಒಗ್ಗಿಹೋಗಿತ್ತೆಂದು ಆಗಲೇ ತಿಳಿದದ್ದು.

ಗದ್ವಾಲದ ಮಕ್ಕಳೂ ಹಗ್ಗಕ್ಕೆ ಹೊಂದಿಕೊಂಡರು. ಕೊನೆಯ ಬೆಳಿಗ್ಗೆ ತಾಯ್ತಂದೆಯರ ಮುಂದೆ ಒಮ್ಮೆ ಮಾಡಿ ತೋರಿಸುವುದೆಂದು ತೀರ್ಮಾನವಾಯಿತು. ಅವರು ಒಪ್ಪಿದರೆ ನೀವು ಹೋದ ಮೇಲೂ ದಿನಾ ಬೆಳಿಗ್ಗೆ ಮಕ್ಕಳನ್ನು ಓಡಿಸುತ್ತೇನೆ, ಒಪ್ಪದಿದ್ದರೆ ನನ್ನಿಂದಾಗದು ಎಂದು ಅಲ್ಲಿನ ಹೆಡ್ಮಾಸ್ತರರು ಹೇಳಿದ್ದರು. ಎಲ್ಲರಿಗೂ ಕಾಣಲೆಂದು ಶಾಲೆಯೊಳಗಿನ ಸಣ್ಣ ಅಂಗಳ ಬಿಟ್ಟು ಮುಂದಿನ ದೊಡ್ಡ ಬಯಲಿಗೆ ಬಂದೆವು.

ಹಗ್ಗ ಬಿಚ್ಚಿದ ಮೇಲೆ ಹೊಳೆಯಿತು, ಬಯಲಲ್ಲಿ ಒಂದು ಮರವಿಲ್ಲ, ಕಂಬವಿಲ್ಲ. ಆ ತುದಿ ಹಿಡಿಯಲು ಜವಾನ ಬರುತ್ತಾನೆ ಎಂದಿದ್ದರು, ಬರಲಿಲ್ಲ. ಹೆಡ್ಮಾಸ್ತರರು ಅವನನ್ನು ಹುಡುಕಲು ಹೋದರು. ಮಕ್ಕಳು ಹಗ್ಗದ ಎರಡು ಬದಿ ನಿಂತರು. ಹಗ್ಗ ಮಾತ್ರ ಸತ್ತ ಹಾವಿನ ಹಾಗೆ ನೆಲದ ಮೇಲೆ ಬಿದ್ದಿತ್ತು. ಹಗ್ಗ ಬಿಗಿಯಾಗದೆ ಹೋದರೆ ಅದು ಹಾಸಲ್ಲ, ಬರೀ ಸಾಲು. ಅಂಚಿನಲ್ಲಿ ಕೂತಿದ್ದ ತಾಯಂದಿರಲ್ಲಿ ಗುಜುಗುಜು ಶುರುವಾಯಿತು. ಮಕ್ಕಳ ಮುಖ ಬಿಗಿಯುತ್ತಾ ಬಂತು. ಮೊದಲ ದಿನ ನಾರಾಯಣಪೇಟೆಯಲ್ಲಿ ನೋಡಿದ ಅದೇ ಮುಖಗಳು. ಯಾರಾದರೂ ಒಬ್ಬರು ಬನ್ನಿ ಎಂದು ತಾಯಂದಿರನ್ನು ಕರೆದೆ. ನನ್ನ ಪುಸ್ತಕದ ಕನ್ನಡಕ್ಕೆ ಒಬ್ಬರೂ ಏಳಲಿಲ್ಲ. ನಾನು ಒಂದು ತುದಿ ಹಿಡಿದು ನಿಂತೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ನಿಂತವಳಲ್ಲ.

ಈರಮ್ಮ ಬಂದಿದ್ದರು. ಹಗ್ಗ ಒಯ್ಯಲು ಬಂದವರು, ಎಂದಿನಂತೆ ಬಯಲಿನ ಹೊರಗೆ ರಸ್ತೆಯಲ್ಲೇ, ಗಂಗಿಯ ಜೊತೆ. ನೆಲದ ಮೇಲೆ ಬಿದ್ದ ತುದಿಯನ್ನು ನೋಡಿದರು, ಮಕ್ಕಳನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಬಯಲಿಗೆ ಕಾಲಿಟ್ಟು ನೆಟ್ಟಗೆ ನಡೆದು ಬಂದು ಆ ತುದಿಯನ್ನು ಎತ್ತಿಕೊಂಡರು.

"ಹಗ್ಗ ನಂದೈತಿ," ಎಂದರು, ಯಾರೋ ಕೇಳಿದ ಹಾಗೆ. ಬಿಗಿಯಾಗಿ ಎಳೆದರು. ಈ ತುದಿಯಲ್ಲಿ ನನ್ನ ಕೈ ಜಗ್ಗಿತು.

ನಾನು ಎಣಿಸಿ ಹೇಳುವ ಮೊದಲೇ ಅವರ ದನಿ ಬಂತು. ಮಗ್ಗದ ಮನೆಯವರ ಗಟ್ಟಿ ದನಿ.

"ಹೋಗ್ರೋ, ಮುಟ್ಟಿ ತಿರುಗಿ ಬರ್ರಿ!"

ಮಕ್ಕಳು ಎರಡು ಬದಿಯಿಂದಲೂ ಓಡಿದರು. ನನ್ನ ಮೊಣಕಾಲು ಮುಟ್ಟುವುದು, ತಿರುಗುವುದು, ಈರಮ್ಮನ ಕಡೆಗೆ ಓಡುವುದು. ಒಂದೊಂದು ಮಗು ತಿರುಗಿ ಬಂದಾಗಲೂ ಈರಮ್ಮ ಅದರ ತಲೆ ಮುಟ್ಟುತ್ತಿದ್ದರು. "ಬಂದಿ, ಬಂದಿ," ಎನ್ನುತ್ತಿದ್ದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಲು ಕೈ ಬಿಡುವಿರಲಿಲ್ಲ. ಅಂಚಿನಲ್ಲಿದ್ದ ತಾಯಂದಿರು ಎದ್ದು ನಿಂತರು, ಆದರೆ ಮಕ್ಕಳನ್ನು ಎಳೆದೊಯ್ಯಲು ಅಲ್ಲ. "ಓಡು, ಓಡು" ಎನ್ನುತ್ತಿದ್ದರು.

ಎಲ್ಲರಿಗೂ ಕೊನೆಗೆ ಗಂಗಿ ಬಂದಳು. ಬರಿಗಾಲು, ಕೆದರಿದ ಜಡೆ, ನಡುವೆ ಒಮ್ಮೆ ನಿಂತು ಉಸಿರೆಳೆದುಕೊಂಡಳು. ಬಂದವಳು ನನ್ನ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿ ನಿಂತುಬಿಟ್ಟಳು. ಅವಳ ಎದೆ ನನ್ನ ಕಾಲಿಗೆ ಡಬಡಬ ಬಡಿಯುತ್ತಿತ್ತು. ಬಗ್ಗಿ ಎತ್ತಿಕೊಂಡುಬಿಡಬೇಕು ಎನಿಸಿತು. ಸುಳ್ಳು ಯಾಕೆ ಹೇಳಲಿ, ಎತ್ತಿಕೊಂಡು ಹಾಗೇ ರೈಲು ಹತ್ತಿಬಿಡಬೇಕು ಎನಿಸಿತು. ಆ ತುದಿಯಲ್ಲಿ ಈರಮ್ಮ ಕತ್ತು ಚಾಚಿ ನೋಡುತ್ತಿದ್ದರು.

"ತಿರುಗು ಮಗು, ಅಮ್ಮ ಕಾಯ್ತಿದಾಳೆ," ಎಂದೆ. ತಿರುಗಿ ಓಡಿದಳು.

ಹೆಡ್ಮಾಸ್ತರರು ಜವಾನನನ್ನು ಕರೆದುಕೊಂಡು ಬರುವ ಹೊತ್ತಿಗೆ ಮಕ್ಕಳು ಇನ್ನೊಂದು ಸಲ, ಇನ್ನೊಂದು ಸಲ ಎಂದು ಗಲಾಟೆ ಎಬ್ಬಿಸಿದ್ದರು. ತಾಯಂದಿರೇ ಹೆಡ್ಮಾಸ್ತರರಿಗೆ, "ದಿನಾ ಆಡಸ್ರಿ, ಆದ್ರ ಈಯಮ್ಮ ಹಗ್ಗ ಹಿಡೀಬೇಕು," ಎಂದು ತಾಕೀತು ಮಾಡಿದರು. ಈರಮ್ಮ ನಾಚಿ ಸೆರಗು ಎಳೆದುಕೊಂಡರು. ನೀರು ಸೇದಿದ ಮೇಲೆ ಬರತೀನಿ ಎಂದರು.

ಮಧ್ಯಾಹ್ನ ಕರ್ನೂಲಿನ ಕಡೆಯ ರೈಲಿಗೆ ನನ್ನನ್ನು ಬಿಡಲು ಅವರಿಬ್ಬರೂ ಸ್ಟೇಷನ್ನಿಗೆ ಬಂದರು. ಸುರುಳಿ ಸುತ್ತಿದ ಹಗ್ಗ ಈರಮ್ಮನ ಹೆಗಲಲ್ಲಿತ್ತು. ಗಂಗಿಯ ಕೈಯಲ್ಲಿ ನನಗೆಂದು ಕಟ್ಟಿದ ರೊಟ್ಟಿ ಗಂಟು. ರೈಲು ಅಲ್ಲಾಡಿದಾಗ ಕಿಟಕಿಯಿಂದ, "ಆಯ್ತು ಈರಮ್ಮ, ಹೋಗ್ತೀನಿ," ಎಂದುಬಿಟ್ಟೆ.

ಈರಮ್ಮನ ಮುಖ ಬಿಳಿಚಿತು. ಕಿಟಕಿಯ ಸರಳು ಹಿಡಿದು ರೈಲಿನ ಜೊತೆಗೇ ನಡೆಯುತ್ತಾ, "ಹಂಗನಬ್ಯಾಡ್ರಿ ಪಂತುಲಮ್ಮ! ಹೋಗಿ ಬರ್ತೀನಿ ಅನ್ರಿ! ಅನ್ರಿ ಮೊದಲ!" ಎಂದರು.

ಪ್ಲಾಟ್‌ಫಾರಂ ಮುಗಿಯುತ್ತಾ ಬಂದಿತ್ತು. ಹೇಳದ ಹೊರತು ಅವರು ಸರಳು ಬಿಡುವವರಲ್ಲ.

"ಹೋಗಿ ಬರ್ತೀನಿ," ಎಂದೆ. ಈರಮ್ಮ ಕೈ ಬಿಟ್ಟರು.